ಎಡಗೈಯಲ್ಲಿ ಉಂಡ ಶನಿವಾರ

ಕಮ್ಮನಹಳ್ಳಿ ಮೇನ್ ರೋಡಿನ ಅಂಗಡಿ ಸಾಲು ದಾಟಿ ಒಳಕ್ಕೆ ಬಂದರೆ ಗದ್ದಲ ಒಮ್ಮೆಲೇ ಅಡಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಮುಂದಿನ ಹಾಲಿನಲ್ಲಿ ನಾನು ಹಲವು ವರ್ಷಗಳಿಂದ ಒಂದು ಪ್ಲೇ ಹೋಮ್ ನಡೆಸುತ್ತಿದ್ದೇನೆ. ದೊಡ್ಡದೇನಲ್ಲ. ಒಂದು ಜಮಖಾನ, ಗೋಡೆಗೆ ಅಂಟಿಸಿದ ಹಣ್ಣು ತರಕಾರಿಗಳ ಚಿತ್ರ, ಒಂದು ಬುಟ್ಟಿ ಆಟದ ಸಾಮಾನು. ಸ್ಕೂಲಿಗೆ ಸೇರುವ ವಯಸ್ಸಾಗದ ಮಕ್ಕಳು ಬೆಳಿಗ್ಗೆ ಬಂದು ಮಧ್ಯಾಹ್ನ ಊಟ ಮುಗಿಸಿ ಹೋಗುತ್ತವೆ. ಹಿಂದಿನ ಗಲ್ಲಿಯ ಬಾಡಿಗೆ ರೂಮುಗಳಲ್ಲಿರುವ ಯಾದಗಿರಿ, ರಾಯಚೂರು ಕಡೆಯ ಕೂಲಿಯವರ ಮಕ್ಕಳು, ಫ್ರೇಜರ್ ಟೌನಿನ ವ್ಯಾಪಾರಸ್ಥ ಸಾಬರ ಮನೆಯ ಮಕ್ಕಳು, ಮನೆಯಲ್ಲಿ ತಮಿಳು ಮಾತಾಡುವ ಮಕ್ಕಳು, ಎಲ್ಲರೂ ಒಂದೇ ಜಮಖಾನದ ಮೇಲೆ ಕೂರುತ್ತಾರೆ. ಸ್ವಲ್ಪ ದಿನದಲ್ಲಿ ಅವರದೇ ಒಂದು ಕಲಬೆರಕೆ ಭಾಷೆ ಹುಟ್ಟಿಕೊಳ್ಳುತ್ತದೆ.

ಪ್ರತಿ ತಾಯಿಯೂ ಮಗುವಿನ ಚೀಲದ ಜೊತೆಗೆ ಒಂದಷ್ಟು ಕಟ್ಟಳೆಗಳನ್ನೂ ತಂದು ನನ್ನ ಕೈಗೆ ಒಪ್ಪಿಸಿ ಹೋಗುತ್ತಾಳೆ. ಒಬ್ಬರಿಗೆ ಮೊಟ್ಟೆಯ ವಾಸನೆಯೂ ಸೋಕಬಾರದು. ಇನ್ನೊಬ್ಬರಿಗೆ ಮೊಟ್ಟೆ ತಿನ್ನಿಸದಿದ್ದರೆ ಸಿಟ್ಟು. ಒಬ್ಬರ ಡಬ್ಬಿಯಿಂದ ಬೇರೆ ಮಗು ಒಂದು ತುತ್ತು ತೆಗೆದರೆ ಎಂಜಲಾಯಿತು ಅನ್ನುತ್ತಾರೆ. ಮತ್ತೊಬ್ಬರ ಮನೆಯಲ್ಲಿ ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವುದು ರೂಢಿ, ಆ ಮಗುವಿಗೆ ತನ್ನದೊಂದೇ ಡಬ್ಬಿ ಮುಂದಿಟ್ಟುಕೊಂಡು ತಿನ್ನುವುದೇ ಅಳು ತರಿಸುವ ಸಂಗತಿ. ಅವರವರ ಮನೆ, ಅವರವರ ರೀತಿ ಎಂದುಕೊಂಡು ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ. ಈ ಕೆಲಸ ಮಾಡುವವರಿಗೆ ಬೇರೆ ದಾರಿಯೂ ಇಲ್ಲ.

ನಮ್ಮ ಯಜಮಾನರಿಗೆ ಇದೆಲ್ಲ ನೋಡಿ ಒಳಗೊಳಗೇ ಖುಷಿ. ಅವರು ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಾದರೂ ಕೆಲಸದ ಮೇಲೆ ಬೀದರಿನಿಂದ ಕಾರವಾರದವರೆಗೆ ಸುತ್ತಿದ್ದಾರೆ. ಹೋದ ಕಡೆಯಲ್ಲೆಲ್ಲ ಜನ ಯಾವುದಕ್ಕೆ ನಾಚುತ್ತಾರೆ, ಯಾವುದಕ್ಕೆ ಹೆಮ್ಮೆಪಡುತ್ತಾರೆ ಎಂದು ನೋಡುವುದು ಅವರ ಅಭ್ಯಾಸ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾದರೆ ಒಳ್ಳೆಯ ಸಂಬಂಧ ಅನ್ನುತ್ತಾರೆ, ಉತ್ತರದವರ ಮುಂದೆ ಹೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಪಕ್ಕದ ಸಾಬರ ಮನೆಯಲ್ಲಿ ಚಿಕ್ಕಪ್ಪನ ಮಗಳನ್ನು ತಂದುಕೊಳ್ಳುವುದುಂಟು, ನಮಗೆ ಅವಳು ತಂಗಿ. ಇಂಥವನ್ನು ಒಂದೊಂದಾಗಿ ಹೇಳಿ ಕೊನೆಗೆ ಅವರು ತಮ್ಮ ತೀರ್ಪು ಕೊಡುತ್ತಿದ್ದರು.

"ಸರಿ ತಪ್ಪು ಅನ್ನೋದು ರಸ್ತೆ ಪಕ್ಕದ ಬೋರ್ಡ್ ಇದ್ದ ಹಾಗೆ ಕಣೇ. ಊರು ದಾಟಿದ್ರೆ ಬೋರ್ಡೂ ಬೇರೆ."

ಅದನ್ನು ಅವರು ಹಗುರವಾಗಿ ಹೇಳುತ್ತಿರಲಿಲ್ಲ. ಪತ್ರಿಕೆಯಲ್ಲಿ ಯಾವುದೋ ಘೋರ ಸುದ್ದಿ ಓದಿ ನಾನು, ಇದೂ ತಪ್ಪಲ್ಲವೇ ಹಾಗಾದರೆ ಎಂದು ಕೇಳಿದರೆ, ನಮಗೆ ತಪ್ಪು ಎನ್ನುತ್ತಿದ್ದರು. ಆ 'ನಮಗೆ' ಎಂಬ ಮಾತು ನನಗೆ ಹಿಡಿಸುತ್ತಿರಲಿಲ್ಲ. ಆದರೆ ತಾಯಂದಿರು ದಿನವೂ ನನ್ನ ಬಾಗಿಲಿಗೆ ತಂದೊಪ್ಪಿಸುತ್ತಿದ್ದ ಕಟ್ಟಳೆಗಳು ಅವರ ಮಾತನ್ನೇ ಹೌದೆನ್ನುತ್ತಿದ್ದವು.

ಇಂಥದರಲ್ಲಿ ನಮ್ಮಲ್ಲಿಗೆ ಒಂದು ಎಡಚಿ ಹುಡುಗಿ ಬಂದು ಸೇರಿದಳು.

ಇನ್ನೂ ನಾಲ್ಕು ತುಂಬದ ಮಗು. ಫ್ರೇಜರ್ ಟೌನಿನಿಂದ ಆಟೋದಲ್ಲಿ ಅಜ್ಜಿ ಕರೆದುಕೊಂಡು ಬರುತ್ತಿದ್ದರು. ತಾಯಿ ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಜ್ಜಿ ಎತ್ತರದ ಹೆಂಗಸು, ಮಾತು ಕಡಿಮೆ, ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ ನೇರವಾಗಿ ಕಣ್ಣಿಟ್ಟು ಮಾತಾಡುವವರು. ಮೊದಲ ದಿನವೇ ಮಗುವಿನ ಎಡಗೈಯನ್ನು ಎತ್ತಿ ನನಗೆ ತೋರಿಸಿದರು.

"ಇದರಲ್ಲಿ ಊಟ ಮಾಡ್ತಾಳೆ ಮಿಸ್. ಎಷ್ಟು ಹೇಳಿದ್ರೂ ಕೇಳಲ್ಲ. ಮಾಡಿದ್ರೆ ಕೈ ಮೇಲೆ ಒಂದು ಕೊಡಿ."

ನಾನು ಎಂದಿನಂತೆ ತಲೆಯಾಡಿಸಿದೆ.

ನಮ್ಮಲ್ಲಿ ಮಕ್ಕಳಿಗೆ ಉಣ್ಣಿಸುವುದು ನನ್ನ ಸಹಾಯಕಿ, ಯಾದಗಿರಿ ಕಡೆಯ ಒಬ್ಬ ಹೆಂಗಸು. ಗಂಡನಿಗೆ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ, ಹಿಂದಿನ ಗಲ್ಲಿಯಲ್ಲೇ ರೂಮು. ಮಕ್ಕಳೆಂದರೆ ಅವಳಿಗೆ ಜೀವ. ಹೊಡೆಯುವವಳಲ್ಲ, ಆದರೆ ಹಿರಿಯರ ಮಾತು ಮೀರುವವಳೂ ಅಲ್ಲ. ಹುಡುಗಿಯ ಎಡಗೈ ಡಬ್ಬಿಗೆ ಹೋದಾಗೆಲ್ಲ ಅವಳು ಎರಡು ಬೆರಳಿನಿಂದ ಅದರ ಮೇಲೆ ಮೆಲ್ಲಗೆ ತಟ್ಟಿ, ತುತ್ತನ್ನು ಬಲಗೈಗೆ ದಾಟಿಸುತ್ತಿದ್ದಳು. ಅಕ್ಕಪಕ್ಕದ ಮಕ್ಕಳು ಇದನ್ನು ಬಹಳ ಬೇಗ ಕಲಿತರು. ಕೈ ಬದಲಾಗಿದ್ದು ಕಂಡ ಕೂಡಲೇ ಎಡಗೈ ಛೀ, ಎಡಗೈ ಛೀ ಎಂದು ಸಾಲಿಗೆ ಸಾಲೇ ರಾಗ ಎಳೆಯುತ್ತಿತ್ತು.

ಹುಡುಗಿ ಅಳಲಿಲ್ಲ. ಊಟಕ್ಕೆ ಕೂರುವ ಮೊದಲು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂರಲು ಶುರುಮಾಡಿದಳು. ಬಲಗೈಯಲ್ಲಿ ತುತ್ತು ನಿಲ್ಲದೆ ಅರ್ಧ ಅನ್ನ ಫ್ರಾಕಿನ ಮೇಲೆ ಬೀಳುತ್ತಿತ್ತು.

ಒಂದು ದಿನ ನಮ್ಮ ಯಜಮಾನರು ನೀರು ಕುಡಿಯಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಆ ಮಗು ಯಾಕೆ ಒಂದು ಪಕ್ಕಕ್ಕೆ ವಾಲಿಕೊಂಡು ಕೂತಿದೆ ಎಂದು ಕೇಳಿದರು. ನಾನು ಹೇಳಿದೆ. ಅವರು ನೀರು ಕುಡಿಯದೆ ಒಳಗೆ ಹೋದರು.

ಶನಿವಾರ ಮಕ್ಕಳು ಡಬ್ಬಿ ತರುವುದಿಲ್ಲ, ಎಲ್ಲರಿಗೂ ನಾನೇ ಅಡುಗೆ ಮಾಡುತ್ತೇನೆ. ಆ ಶನಿವಾರ ಚಿತ್ರಾನ್ನ. ತಟ್ಟೆ ಬಡಿಸಿ ಮುಗಿದಾಗ ಯಜಮಾನರು ತಮ್ಮ ತಟ್ಟೆಯನ್ನೂ ಹಿಡಿದುಕೊಂಡು ಬಂದು, ಮಂಡಿ ನೋವಿಗೆ ಗೋಡೆ ಹಿಡಿದು, ಆ ಹುಡುಗಿಯ ಪಕ್ಕ ಜಮಖಾನದ ಮೇಲೆ ಕುಳಿತರು. ಅವರು ಹಾಗೆ ಬಂದು ಕೂತದ್ದು ಅದೇ ಮೊದಲು. ಮಕ್ಕಳಿಗೆ ಸಂಭ್ರಮವೋ ಸಂಭ್ರಮ.

ಇವತ್ತು ಈ ರೂಮಿನಲ್ಲಿ ರೂಲ್ ಬದಲಾಗಿದೆ ಎಂದು ಅವರು ಸಾರಿದರು. ಇವತ್ತು ಎಲ್ಲರೂ ಎಡಗೈಯಲ್ಲೇ ತಿನ್ನಬೇಕು, ಬಲಗೈ ಛೀ.

ಒಂದು ಗಳಿಗೆ ಮಕ್ಕಳು ನನ್ನ ಮುಖ ನೋಡಿದರು, ನನ್ನ ಸಹಾಯಕಿಯ ಮುಖ ನೋಡಿದರು. ನಾವು ಏನೂ ಅನ್ನದಿದ್ದಾಗ ಎಲ್ಲರ ಎಡಗೈಯೂ ತಟ್ಟೆಗೆ ಇಳಿಯಿತು. ಎಷ್ಟು ಸಲೀಸಾಗಿ ಇಳಿಯಿತೆಂದರೆ, ನೆನ್ನೆಯವರೆಗೆ ಛೀ ಎಂದು ಹಾಡಿದ ಬಾಯಿಗಳು ಇವೇ ಹೌದೋ ಅಲ್ಲವೋ ಅನ್ನಿಸಿತು. ಅನ್ನ ಮೂಗಿಗೆ ಮೆತ್ತಿಕೊಂಡಿತು, ಕಿವಿಗೆ ಮೆತ್ತಿಕೊಂಡಿತು. ಸಾಲಿನಲ್ಲಿ ನಗುವೇ ನಗು. ಒಬ್ಬಳು ಮಾತ್ರ ಒಂದು ಅಗುಳೂ ಚೆಲ್ಲದೆ ತಿನ್ನುತ್ತಿದ್ದಳು. ಅವಳು ತೊಡೆಯ ಕೆಳಗಿನಿಂದ ಕೈ ತೆಗೆದದ್ದನ್ನು ನಾನು ನೋಡಿದೆ. ಮೊದಲು ಅದನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ಆಮೇಲೆ ತಟ್ಟೆಗೆ ಇಳಿಸಿದಳು.

ಯಜಮಾನರಿಗೂ ಎಡಗೈಯಲ್ಲಿ ತಿನ್ನಲಾಗಲಿಲ್ಲ. ತುತ್ತು ಬಾಯಿಯ ಹತ್ತಿರ ಬರುವಷ್ಟರಲ್ಲಿ ಬೆರಳ ಸಂದಿಯಿಂದ ಉದುರಿ ಪಂಚೆಯ ಮೇಲೆ ಬೀಳುತ್ತಿತ್ತು. ಹುಡುಗಿ ಅವರ ಕೈ ನೋಡಿ, ಹಾಗಲ್ಲ ತಾತಾ ಎಂದು ತನ್ನ ಪುಟ್ಟ ಬೆರಳುಗಳನ್ನು ಮಡಿಸಿ ತೋರಿಸಿಕೊಟ್ಟಳು. ಅವರು ಅವಳನ್ನು ನೋಡಿಕೊಂಡು ಬೆರಳು ಮಡಿಸಿದರು. ಆದರೂ ಬರಲಿಲ್ಲ.

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಗೆದ್ದ ಕಳೆ.

"ನೋಡ್ದಾ? ದೊಡ್ಡೋರು ಏನು ಹೇಳಿದ್ರೆ ಅದೇ ಸರಿ. ಬೋರ್ಡ್ ತಿರುಗಿಸಿದೆ, ಎಲ್ಲಾ ತಿರುಗಿದ್ರು. ಇನ್ನೇನು ಹೇಳಿದ್ರೂ ಹೀಗೇ ಮಾಡ್ತಾರೆ."

ಅದನ್ನು ತೋರಿಸಿಯೇ ಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಅವರು ಮಕ್ಕಳಿಗೆ ಇನ್ನೊಂದು ರೂಲ್ ಹೇಳಿದರು. ಇವತ್ತು ಯಾರು ಬೇಕಾದರೂ ಪಕ್ಕದಲ್ಲಿ ಕೂತವರಿಗೆ ಒಂದು ಏಟು ಹೊಡೆಯಬಹುದು, ಮಿಸ್ ಬಯ್ಯುವುದಿಲ್ಲ, ಯಾರೂ ಬಯ್ಯುವುದಿಲ್ಲ.

ನಗು ನಿಂತಿತು. ನಾನು ಗಾಬರಿಯಾಗಿ ಅವರನ್ನು ತಡೆಯಲು ಹೋದವಳು ಅಲ್ಲೇ ನಿಂತೆ. ಒಂದು ಕೈಯೂ ಮೇಲೇಳಲಿಲ್ಲ. ಕೆಲವರು ತಟ್ಟೆ ನೋಡತೊಡಗಿದರು. ತಮಿಳು ಮನೆಯ ಒಂದು ಹುಡುಗಿ ಬೇಡ ಎಂದು ತಲೆಯಾಡಿಸಿದಳು, ಯಾರಿಗೆ ಅಂತಲ್ಲ, ಸುಮ್ಮನೆ.

ಯಜಮಾನರು ಬಿಡಲಿಲ್ಲ. ತಾತ ಹೇಳುತ್ತಿದ್ದೇನೆ, ಹೊಡೆಯಬಹುದು ಎಂದರು. ಮತ್ತೂ ಯಾರೂ ಅಲುಗಲಿಲ್ಲ. ಆಗ ಅವರು, ನಾನು ಒಂದು ಊರಲ್ಲಿದ್ದೆ, ಆ ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಆ ಊರಲ್ಲಿ ಅದು ತಪ್ಪಲ್ಲ ಎಂದರು.

ಸಾಲಿನ ಆ ತುದಿಯಲ್ಲಿ ಒಬ್ಬ ಗಾರೆ ಕೆಲಸದವನ ಮಗ ಕೂತಿದ್ದ. ರಾಯಚೂರು ಕಡೆಯವರು. ಗುಂಡುಗುಂಡಾಗಿದ್ದ, ಯಾವಾಗಲೂ ಮೂಗು ಸೋರುವ ಹುಡುಗ. ಅವನು ಬಾಯಲ್ಲಿದ್ದ ಅನ್ನ ನುಂಗಿ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವನ ಹಾಗೆ ಕೇಳಿದ.

"ಆ ಊರಾಗ ಹೊಡದ್ರ ನೋವಾಗಂಗಿಲ್ಲೇನು?"

ಯಜಮಾನರು ನೋಡಿದ ಊರುಗಳೆಲ್ಲ, ಬೀದರು, ಕಾರವಾರ, ಕೋಲಾರ, ಒಂದೊಂದಾಗಿ ಕಣ್ಣ ಮುಂದೆ ಹಾದುಹೋಗುತ್ತಿದ್ದವೇನೋ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ ತಗ್ಗಿದ ದನಿಯಲ್ಲಿ ಅವರು ಹೇಳಿದರು.

"ಆಗುತ್ತೆ ಮರಿ. ಅಲ್ಲೂ ಆಗುತ್ತೆ."

ಹಂಗಾದ್ರ ಬ್ಯಾಡ ಎಂದು ಹುಡುಗ ಮತ್ತೆ ತಟ್ಟೆಗೆ ಕೈಹಾಕಿದ. ಎಡಗೈಯನ್ನೇ. ಆ ರೂಲ್ ಇನ್ನೂ ಜಾರಿಯಲ್ಲಿತ್ತಲ್ಲ.

ನನಗೆ ಮೈಯೆಲ್ಲ ಜುಮ್ಮೆಂದಿತು. ಇಂದಿಗೂ ಆ ಗಳಿಗೆಯನ್ನು ನೆನೆದರೆ ಹಾಗೇ ಆಗುತ್ತದೆ. ಇವು ಇನ್ನೂ ಚಪ್ಪಲಿಯನ್ನು ಅದಲು ಬದಲು ಹಾಕಿಕೊಳ್ಳುವ ಮಕ್ಕಳು. ನೆನ್ನೆ ನಾಳೆಗಳ ವ್ಯತ್ಯಾಸ ಗೊತ್ತಿಲ್ಲ. ಯಾವ ಕೈಯಲ್ಲಿ ತಿನ್ನಬೇಕು ಎಂದು ನಾವು ಹೇಳಿದರೆ ಅದೇ ವೇದ, ನಾಳೆ ತಿರುಗಿಸಿ ಹೇಳಿದರೆ ಅದೂ ವೇದ. ಅಂಥವರ ಒಳಗೆ ನಮ್ಮ ಮಾತು ಮುಟ್ಟದ ಒಂದು ಜಾಗವಿದೆ. ಬೇರೆ ಬೇರೆ ಮನೆಗಳಿಂದ, ಬೇರೆ ಬೇರೆ ಭಾಷೆಗಳಿಂದ ಬಂದ ಅಷ್ಟೂ ಮಕ್ಕಳಲ್ಲೂ ಅದು ಒಂದೇ ಕಡೆ ಇದೆ. ದಿನವೂ ಮೂಗು ಒರೆಸಿ, ಚಡ್ಡಿ ಬದಲಿಸಿ, ಇವಕ್ಕೆ ಎಲ್ಲ ನಾನೇ ಕಲಿಸುತ್ತೇನೆ ಎಂದುಕೊಂಡಿದ್ದ ನಾನು ಅಂದು ಆ ಸಾಲಿನ ಮುಂದೆ, ದೊಡ್ಡವರ ಎದುರು ನಿಂತ ಹಾಗೆ ನಿಂತಿದ್ದೆ.

ಮಕ್ಕಳು ದೇವರಂಥವರು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅದೇ ದಿನ ಕೈ ತೊಳೆಸಿದ ಮೇಲೆ ಅದೇ ಗುಂಡು ಹುಡುಗ ಒಂದು ಕೆಂಪು ಕಾರಿಗಾಗಿ ಇನ್ನೊಬ್ಬಳ ಜುಟ್ಟು ಹಿಡಿದು ಎಳೆದ. ಅವಳು ಕಿರುಚಿದಳು. ನಾನು ಬೈಯುವ ಮೊದಲೇ ಅವನು ಕಾರು ಬಿಟ್ಟು ಓಡಿ ಬಾಗಿಲ ಹಿಂದೆ ಅಡಗಿದ. ಎಡಗೈಯಲ್ಲಿ ಉಂಡದ್ದಕ್ಕೆ ಯಾರೂ ಅಡಗಿರಲಿಲ್ಲ. ಇದಕ್ಕೆ ಅಡಗಿದ.

ಮಕ್ಕಳೆಲ್ಲ ಹೋದ ಮೇಲೆ ಯಜಮಾನರು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದರು. ನಾನು ಕಾಫಿ ಹಿಡಿದು ಹೋದೆ. ಮಂಡಿ ನೋಯುತ್ತಿದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದರು. ಆಮೇಲೆ ತಾವೂ ಎಡಚರಾಗಿದ್ದುದನ್ನು ನನಗೆ ಹೇಳಿದರು. ಇಷ್ಟು ವರ್ಷ ಒಟ್ಟಿಗೆ ಬಾಳಿದ ನನಗೆ ಅದು ಗೊತ್ತಿರಲಿಲ್ಲ.

ಹಲಸೂರಿನ ಮನೆಯಲ್ಲಿ ಅವರ ಅಮ್ಮ ಊಟದ ಹೊತ್ತಿಗೆ ಅವರ ಎಡಗೈಯನ್ನು ಟವಲಿನಿಂದ ಕಿಟಕಿಯ ಸರಳಿಗೆ ಕಟ್ಟುತ್ತಿದ್ದರಂತೆ. ಎಡಗೈಯಲ್ಲಿ ಉಂಡರೆ ಪಾಪ, ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು. ಬಿಚ್ಚಿಕೊಳ್ಳಲು ಎಳೆದೆಳೆದು ಮಣಿಕಟ್ಟು ಸುಲಿದು ಹೋಗುತ್ತಿತ್ತಂತೆ. ಅಮ್ಮ ಕಟ್ಟುವಾಗ ಅಳುತ್ತಿದ್ದರು, ಬಿಚ್ಚಿದ ಮೇಲೆ ಆ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಕೊನೆಗೆ ಆ ಕೈ ಉಣ್ಣುವುದನ್ನೇ ಮರೆತುಬಿಟ್ಟಿತಂತೆ. ನನ್ನ ಅತ್ತೆಯನ್ನು ನಾನು ಕಂಡಿದ್ದೇನೆ. ಇರುವೆ ಸಾಲು ಅಡ್ಡ ಬಂದರೆ ತುಳಿಯದೆ ದಾಟಿ ಹೋಗುತ್ತಿದ್ದ ಹೆಂಗಸು. ನನಗೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಯಜಮಾನರು ಕಾಫಿ ಲೋಟವನ್ನು ಕಲ್ಲಿನ ಮೇಲಿಟ್ಟರು.

"ಅಮ್ಮ ಕೆಟ್ಟೋಳಲ್ಲ. ಅವಳು ತಪ್ಪು ಮಾಡಿದ್ಲು ಅಂತ ಅಂದ್ಕೊಳ್ಳೋಕೆ ನನಗೆ ಆಗ್ತಾ ಇರ್ಲಿಲ್ಲ. ಅದಕ್ಕೇ ಸರಿ ತಪ್ಪು ಅನ್ನೋದೇ ಇಲ್ಲ ಅಂತ ಇಟ್ಕೊಂಡೆ ಅನ್ಸುತ್ತೆ. ಎಲ್ಲಾ ಊರಿನ ಪದ್ಧತಿ ಅಂದ್ಬಿಟ್ರೆ ಅವಳ ಮೇಲೆ ಸಿಟ್ಟು ಬರಲ್ಲ ನೋಡು."

ನಾನು ಪಕ್ಕದಲ್ಲಿ ಕುಳಿತೆ. ಅವರು ಮತ್ತೆ ಮಾತಾಡಿದಾಗ ದನಿ ಹಗುರವಾಗಿತ್ತು. ಯಾವ ಕೈ ಅನ್ನುವುದು ಊರಿನ ಪದ್ಧತಿಯೇ, ಅದರಲ್ಲಿ ಅನುಮಾನವಿಲ್ಲ ಎಂದರು. ಆದರೆ ಕಟ್ಟಿದ್ದು ಹಾಗಲ್ಲ. ಕಟ್ಟಿದ್ದು ಹಲಸೂರಿನಲ್ಲೂ ತಪ್ಪು, ಬೀದರಿನಲ್ಲೂ ತಪ್ಪು. ಅಮ್ಮ ಅಷ್ಟೊಂದು ಪ್ರೀತಿಯಿಟ್ಟುಕೊಂಡೇ ತಪ್ಪು ಮಾಡಿದಳು. ಹಾಗೆಂದುಕೊಂಡರೂ ಅವಳ ಮೇಲೆ ಸಿಟ್ಟು ಬರುತ್ತಿಲ್ಲವಲ್ಲ, ಇದೇನು ಆಶ್ಚರ್ಯ ಎಂದು ಅವರು ನನ್ನನ್ನೇ ಕೇಳಿದರು. ಅವರ ಕಣ್ಣು ತುಂಬಿತ್ತು. ದುಃಖದಿಂದಲ್ಲ. ಬಹಳ ದೂರದವರೆಗೆ ಏನೂ ಅಡ್ಡವಿಲ್ಲದೆ ಕಾಣುವ ಜಾಗಕ್ಕೆ ಬಂದು ನಿಂತವರ ಕಣ್ಣು ಹಾಗಿರುತ್ತದೆ.

ಸೋಮವಾರ ಬೆಳಿಗ್ಗೆ ಅಜ್ಜಿ ಮಗುವನ್ನು ಬಿಡಲು ಬಂದಾಗ ಯಜಮಾನರು ಗೇಟಿನ ಹತ್ತಿರ ಕಾದಿದ್ದರು. ಹಲಸೂರು ಶಿವಾಜಿನಗರಗಳಲ್ಲಿ ಆಡಿ ಬೆಳೆದವರಾದ್ದರಿಂದ ಅವರಿಗೆ ದಖನಿ ಉರ್ದು ಚೆನ್ನಾಗಿ ಬರುತ್ತದೆ. ಇಬ್ಬರೂ ಅದರಲ್ಲೇ ಮಾತಾಡಿದರು. ನನಗೆ ಅರ್ಧ ಅರ್ಥವಾಯಿತು, ಇನ್ನರ್ಧವನ್ನು ಅವರ ಕೈಯೇ ಹೇಳಿತು. ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು, ಗೇಟಿನ ಕಂಬಿಗೆ ಒತ್ತಿ ತೋರಿಸುತ್ತಿದ್ದರು. ಅಜ್ಜಿ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ನಾಲ್ಕು ಜನರ ನಡುವೆ ಮಗುವಿನ ಮೇಲೆ ಮಾತು ಬರಬಾರದು, ನಾಳೆ ಗಂಡನ ಮನೆಯಲ್ಲಿ ನಿನ್ನ ತಾಯಿ ಇಷ್ಟೂ ಕಲಿಸಲಿಲ್ಲವೇ ಅನ್ನಿಸಿಕೊಳ್ಳಬಾರದು ಎಂಬುದು ತಮ್ಮ ಆಸೆ ಎಂದರು. ಅದು ನನಗೂ ಅರ್ಥವಾಯಿತು. ಆ ಭಯ ಎಲ್ಲ ಅಜ್ಜಿಯರದೂ ಹೌದು.

ಆಮೇಲೆ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ಬಲಗೈಯಲ್ಲಿ ತಿನ್ನಬೇಕು ಅನ್ನೋದು ನಮ್ಮ ದೀನ್ ಮಿಸ್, ನಮ್ಮ ಧರ್ಮ, ಅದನ್ನ ನಾನು ಬಿಡಲ್ಲ. ಆದ್ರೆ ಹೊಡೀರಿ ಅಂತ ದೀನ್ ಹೇಳಿಲ್ಲ. ಅದು ನಾನು ಹೇಳಿದ್ದು. ಅದನ್ನ ವಾಪಸ್ ತಗೋತೀನಿ."

ಎಷ್ಟು ನೆಟ್ಟಗೆ ಹೇಳಿದರು. ನಾವು ಗಂಡ ಹೆಂಡತಿ ಎರಡು ದಿನ ತಲೆ ಕೆಡಿಸಿಕೊಂಡು ಬಿಡಿಸಿದ ಗಂಟನ್ನು ಅವರು ನಿಂತ ನಿಲುವಿನಲ್ಲಿ, ತಮ್ಮ ನಂಬಿಕೆಯ ಒಂದು ಎಳೆಯನ್ನೂ ಕಡಿಯದೆ ಬಿಡಿಸಿಟ್ಟರು. ನನಗೆ ಕೈ ಮುಗಿಯಬೇಕೆನಿಸಿತು. ಮುಗಿಯಲಿಲ್ಲ. ಮಗುವನ್ನು ಎತ್ತಿಕೊಂಡೆ.

ಈ ಎಲ್ಲದರ ನಡುವೆ ನನ್ನ ಸಹಾಯಕಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ಮಕ್ಕಳು ಅಂದು ಹೊಡೆಯದಿದ್ದದ್ದು ಹೆದರಿಕೆಯಿಂದ ಎಂದು ಅವಳ ವಾದ. ಮನೆಯಲ್ಲಿ ತಾಯಂದಿರು ದೇವರು ಕಣ್ಣು ಕೀಳುತ್ತಾನೆ ಎಂದು ಹೆದರಿಸಿರುತ್ತಾರೆ, ಅದು ತಲೆಯಲ್ಲಿ ಕೂತಿರುತ್ತದೆ, ತನಗೂ ಸಣ್ಣವಳಿದ್ದಾಗ ಕೂತಿತ್ತು ಎಂದಳು. ಆ ವಾರ ಒಂದು ದಿನ ಮಕ್ಕಳ ತಲೆ ಬಾಚುತ್ತಾ ಅವಳು ಇದನ್ನು ಪರೀಕ್ಷೆ ಮಾಡಿಯೇಬಿಟ್ಟಳು. ಅಂದು ಬೇಡ ಎಂದು ತಲೆಯಾಡಿಸಿದ ತಮಿಳು ಮನೆಯ ಹುಡುಗಿ ಅವಳ ಮುಂದೆ ಕೂತಿತ್ತು. ದೇವರೇ ಬಂದು ಪಕ್ಕದಲ್ಲಿ ಕೂತವನಿಗೆ ಹೊಡಿ ಎಂದು ಹೇಳಿದರೆ ಏನು ಮಾಡುತ್ತೀಯ ಎಂದು ಕೇಳಿದಳಂತೆ. ಹುಡುಗಿ ಜಡೆ ಹೆಣೆದು ಮುಗಿಯುವವರೆಗೆ ಯೋಚನೆ ಮಾಡಿತಂತೆ. ಕೊನೆಗೆ ತಿರುಗಿ ನೋಡಿ ಉತ್ತರ ಕೊಟ್ಟಿತಂತೆ.

"ಆ ದೇವರು ಬೇಡ. ಬೇರೆ ದೇವರನ್ನ ಕೇಳ್ತೀನಿ."

ಬಾಚಣಿಗೆ ಹಿಡಿದುಕೊಂಡೇ ಅಡುಗೆಮನೆಗೆ ಓಡಿ ಬಂದು ಅವಳು ಇದನ್ನು ನನಗೆ ಹೇಳಿದಳು. ಅವಳ ತೋಳಿನ ಮೇಲೆ ರೋಮ ನಿಂತಿತ್ತು. ಅದನ್ನು ನನಗೆ ತೋರಿಸಿ, ಸಣ್ಣ ಕೂಸಿಗಿ ಇದನ್ನ ಯಾರ ಹೇಳ್ಯಾರ್ರಿ ಅಕ್ಕಾರ ಎಂದು ಕೇಳಿದಳು. ಒಲೆಯ ಮೇಲಿನ ಹಾಲು ಉಕ್ಕುವವರೆಗೆ ನಾವಿಬ್ಬರೂ ಹಾಗೇ ನಿಂತಿದ್ದೆವು.

ಆಮೇಲೆ ನಾವು ಅಂಥ ಪರೀಕ್ಷೆ ಮಾಡಲಿಲ್ಲ. ಹಾಗೆ ಮಾಡುವುದು ಸರಿಯಲ್ಲವೆಂದು ಮೂವರಿಗೂ ಅನ್ನಿಸಿತು. ಒಂದು ಹಕ್ಕಿ ಗೂಡಿನಲ್ಲಿ ಮೊಟ್ಟೆಯಿದೆಯೆಂದು ಕಂಡ ಮೇಲೆ ಮತ್ತೆ ಮತ್ತೆ ಕೈಹಾಕಿ ನೋಡಬಾರದಲ್ಲ.

ನೋವಾಗುವುದಿಲ್ಲವೇ ಎಂಬ ಆ ಹುಡುಗನ ಪ್ರಶ್ನೆ ಎಲ್ಲಕ್ಕೂ ಉತ್ತರವೆಂದು ನಾನು ಹೇಳಲಾರೆ. ಯಜಮಾನರು ಅದನ್ನು ಇಟ್ಟುಕೊಂಡು ಎಷ್ಟೋ ದಿನ ತಮ್ಮ ಜೊತೆ ತಾವೇ ವಾದಿಸಿದರು. ಡಾಕ್ಟರು ಸೂಜಿ ಚುಚ್ಚಿದರೂ ನೋವಾಗುತ್ತದೆ, ಅದು ತಪ್ಪೇ ಎಂದು ಒಂದು ಬೆಳಿಗ್ಗೆ ಕೇಳಿದರು. ಸೂಜಿ ಚುಚ್ಚಿಸಿಕೊಂಡ ಮಗು ಡಾಕ್ಟರ ಮೇಲೆ ಎರಡು ನಿಮಿಷ ಸಿಟ್ಟಾಗಿ ಆಮೇಲೆ ಮರೆತುಬಿಡುತ್ತದೆ, ಸುಮ್ಮನೆ ಚಿವುಟಿದವರನ್ನು ಮರೆಯುವುದಿಲ್ಲ, ಅವಕ್ಕೆ ಆ ವ್ಯತ್ಯಾಸವೂ ಗೊತ್ತು ಎಂದೆ. ಅದು ಹೌದು ಎಂದರು. ಮದುವೆ ಸಂಬಂಧಗಳು, ಮೊಟ್ಟೆ, ಮಾಂಸ, ಎಂಜಲು, ಇವುಗಳಲ್ಲಿ ಯಾವುದು ಬರೀ ಬೋರ್ಡು, ಯಾವುದರ ಕೆಳಗೆ ನಿಜವಾದ ನೆಲವಿದೆ ಎಂದು ನಾವು ಈಗಲೂ ಜಗಳವಾಡುತ್ತೇವೆ. ಹಲವು ವಿಷಯಗಳಲ್ಲಿ ನಮಗೆ ಗೊತ್ತಾಗುವುದಿಲ್ಲ. ಆದರೆ ಕಾಲಿಗೆ ನೆಲ ಸಿಗದ ಕಡೆ ಈಜುವುದೇ ಬೇರೆ, ಒಂದು ಮೂಲೆಯಲ್ಲಾದರೂ ನೆಲ ತಾಗಿತು ಎಂದು ತಿಳಿದು ಈಜುವುದೇ ಬೇರೆ. ಅವರು ಈಗ 'ನಮಗೆ ತಪ್ಪು' ಎನ್ನುವುದಿಲ್ಲ. ಪತ್ರಿಕೆ ಮಡಚಿಟ್ಟು ತಪ್ಪು ಎನ್ನುತ್ತಾರೆ, ಅಷ್ಟೇ.

ಆ ಎಡಚಿ ಹುಡುಗಿಯ ಮಾತು ಹೇಳುವುದಾದರೆ, ಅವಳಜ್ಜಿ ಹೇಳಿದಂತೆಯೇ ನಡೆದುಕೊಂಡರು. ಕೆಲವು ದಿನ ಊಟದ ಹೊತ್ತಿಗೆ ತಾವೇ ಬಂದು ಮಗುವಿನ ಪಕ್ಕ ಕೂತು, ತಮ್ಮ ಬಲಗೈಯನ್ನು ಅವಳ ಬಲಗೈಯ ಕೆಳಗಿಟ್ಟು ತುತ್ತು ಎತ್ತಿಸುತ್ತಿದ್ದರು. ಚೆಲ್ಲಿದ್ದನ್ನು ತಾವೇ ಆರಿಸುತ್ತಿದ್ದರು. ಹುಡುಗಿ ನಿಧಾನವಾಗಿ ಕಲಿತಳು. ಬಣ್ಣದ ಪೆನ್ಸಿಲ್ ಕೊಟ್ಟರೆ ಮಾತ್ರ ಎಡಗೈ ಚಾಚುತ್ತಿದ್ದಳು, ಅದಕ್ಕೆ ಅಜ್ಜಿ ಏನೂ ಅನ್ನುತ್ತಿರಲಿಲ್ಲ. ಅವಳು ಗೀಚಿದ ಬೆಕ್ಕುಗಳಿಗೆ ಮೀಸೆ ಬಹಳ ಉದ್ದ. ಛೀ ಎಂದು ರಾಗ ಎಳೆಯುತ್ತಿದ್ದ ಸಾಲು ಅದನ್ನು ಮರೆತೇಬಿಟ್ಟಿತು. ಮುಂದಿನ ವರ್ಷ ಅವಳು ಅವರ ಮನೆಯ ಹತ್ತಿರದ ಸ್ಕೂಲಿಗೆ ಸೇರಿದಳು. ಗಾರೆ ಕೆಲಸದವರ ಕುಟುಂಬ ಕೆ.ಆರ್. ಪುರದ ಕಡೆ ಹೊಸ ಕಟ್ಟಡದ ಕೆಲಸ ಸಿಕ್ಕಿ ರೂಮು ಖಾಲಿ ಮಾಡಿಕೊಂಡು ಹೋಯಿತು. ಆ ಹುಡುಗನಿಗೆ ತಾನು ಏನು ಕೇಳಿದೆ ಎಂಬುದು ಖಂಡಿತ ನೆನಪಿರಲಾರದು.

ಪ್ರತಿ ಜೂನಿನಲ್ಲಿ ಹೊಸ ಮಕ್ಕಳು ಬರುತ್ತವೆ. ಮೊದಲ ದಿನ ಗೇಟಿನಲ್ಲಿ ನಿಂತು ಅವನ್ನು ಬರಮಾಡಿಕೊಳ್ಳುವಾಗ ನನಗೆ ಮೊದಲಿನ ಹಾಗೆ ಕೆಲಸದ ಗಡಿಬಿಡಿ ಮಾತ್ರ ಇರುವುದಿಲ್ಲ. ಎದೆಯಲ್ಲಿ ಏನೋ ಒಂದು ತಲೆಬಾಗಿ ನಿಲ್ಲುತ್ತದೆ. ಈ ವರ್ಷ ಒಬ್ಬ ತಾಯಿ, ಕಲಬುರಗಿ ಕಡೆಯವಳು, ಸೊಂಟದ ಮೇಲಿದ್ದ ಮಗನನ್ನು ಇಳಿಸಿ ಮುಂದೆ ನೂಕಿದಳು. ಅವನು ಹೆಬ್ಬೆರಳು ಚೀಪುತ್ತಾ ನನ್ನನ್ನೇ ದಿಟ್ಟಿಸುತ್ತಿದ್ದ.

"ಇವಗ ಏನೂ ತಿಳಿಯಂಗಿಲ್ರಿ ಟೀಚರ್. ಎಲ್ಲಾ ನೀವೇ ಕಲಸಬೇಕ್ರಿ."

ಆಗಲಿ ಎಂದು ಅವನ ಚೀಲ ತೆಗೆದುಕೊಂಡು, ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ.